ಹಳೇ ಕಾರಿನ ನಾಬು ಕಿತ್ತು ಕಸಕ್ಕೆ ಹಾಕೋ ಮುಂಚೆ ಒಂದ್ಮಾತು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಹಳೇ ಕಾರುಗಳನ್ನ ಎಬ್ಬಿಸಿ ಮತ್ತೆ ರಸ್ತೆಗೆ ತರೋರ ಬಗ್ಗೆ ಎರಡು ಪುಟ ಹಾಕಿದ್ರಲ್ಲ, ಅದನ್ನ ಎರಡು ಸಲ ಓದ್ದೆ. ಇಂಜಿನ್ ಕೆಲಸ, ಟಿಂಕರಿಂಗು, ಪೇಂಟು, ಎಲ್ಲಾ ಚೆನ್ನಾಗೇ ಬಂದಿದೆ, ಬರೆದೋರಿಗೆ ವಿಷಯ ಗೊತ್ತಿದೆ ಅನ್ನೋದು ಕಾಣ್ಸತ್ತೆ. ಆದ್ರೆ ಕೊನೇ ಕಾಲಮ್ಮಿನಲ್ಲಿ ಒಂದು ಸಾಲು ಇತ್ತು, ಒಳಗಿನ ಸಣ್ಣಪುಟ್ಟ ಸಾಮಾನಿಗೆಲ್ಲಾ ತಲೆ ಕೆಡಿಸ್ಕೊಳ್ಳೋದು ಬೇಡ, ಹಳೇದು ಕಿತ್ತು ಹೊಸಾ ಸೆಟ್ಟು ಹಾಕಿಸಿದ್ರೆ ಮುಗೀತು ಅನ್ನೋ ಅರ್ಥದ್ದು. ಆ ಒಂದು ಸಾಲಿಗೆ ಈ ಕಾಗದ. ಉದ್ದ ಆಗತ್ತೆ, ಮೊದ್ಲೇ ಹೇಳ್ಬಿಡ್ತೀನಿ, ಪೂರ್ತಿ ಹಾಕಕ್ಕೆ ಜಾಗ ಇಲ್ಲಾಂದ್ರೆ ಕತ್ತರಿಸ್ಕೊಳ್ಳಿ, ಆದ್ರೆ ಕೊನೇಲಿರೋ ಗಡಿಯಾರದ ವಿಷ್ಯ ಮಾತ್ರ ಬಿಡ್ಬೇಡಿ, ಅದು ನೀವು ಹಾಕಿದ್ದ ಫೋಟೋಗೇ ಸಂಬಂಧಪಟ್ಟಿದ್ದು.

ನೋಡಿ, ಬಾನೆಟ್ ಎತ್ತಿ ಇಂಜಿನ್ ಮುಟ್ಟೋದು ವಾರಕ್ಕೋ ತಿಂಗಳಿಗೋ ಒಂದ್ಸಲ. ಹೊರಗಿನ ಪೇಂಟನ್ನ ನೋಡೋರು ರಸ್ತೇಲಿ ನಿಂತಿರೋ ಜನ, ಓಡ್ಸೋನಿಗೆ ಅದು ಕಾಣೋದೂ ಇಲ್ಲ. ಕಾರೊಳಗೆ ಕೂತೋನ ಕೈಗೆ ಸಿಗೋದು ಯಾವುದು ಹೇಳಿ, ತಣ್ಣಗಿರೋ ಇಂಜಿನ್ ಎಬ್ಬಿಸೋಕೆ ಎಳೆಯೋ ಚೋಕ್ ನಾಬು, ಗಾಜು ಏರಿಸೋ ಹ್ಯಾಂಡ್ಲು, ಬಾಗಿಲ ಹಿಡಿ, ಗೇರಿನ ಗುಂಡು, ಸ್ಟೀರಿಂಗು. ಐವತ್ತು ಅರವತ್ತು ವರ್ಷ ಜನ ಮುಟ್ಟಿ ಮುಟ್ಟಿ ಸವೆದಿರೋವು ಇವೇ. ಮೊದ್ಲು ಕಸದ ಡಬ್ಬಿಗೆ ಹೋಗೋವೂ ಇವೇ.

ನನ್ನ ಹತ್ರ ಇರೋದು 1960ರ ಮಾರಿಸ್ ಮೈನರ್ 1000, ದೊಡ್ಡಪ್ಪನಿಂದ ಬಂದಿದ್ದು. ಅಪರೂಪದ ಕಾರೇನಲ್ಲ, 1948ರಲ್ಲಿ ಶುರುವಾಗಿ ಬ್ರಿಟನ್ನಲ್ಲಿ ಹತ್ತು ಲಕ್ಷದ ಲೆಕ್ಕ ಮುಟ್ಟಿದ ಮೊದಲ ಕಾರು ಅದು, ಮುಂದೆ ಮಿನಿ ಮಾಡಿದ ಅಲೆಕ್ ಇಸಿಗೋನಿಸ್ಸೇ ಇದನ್ನೂ ಡಿಸೈನ್ ಮಾಡಿದ್ದು. ಆ ಕಾಲದ ಮೈನರಲ್ಲಿ ಕೀ ತಿರುಗಿಸಿ ಸ್ಟಾರ್ಟ್ ಮಾಡೋದಿಲ್ಲ, ಕೀ ಆನ್ ಮಾಡಿ ಡ್ಯಾಶ್‌ಬೋರ್ಡಲ್ಲಿರೋ ಒಂದು ನಾಬನ್ನ ಎಳೀಬೇಕು, ಅದರ ಕೇಬಲ್ಲು ಹೋಗಿ ಸ್ಟಾರ್ಟರ್ ಸ್ವಿಚ್ಚು ಒತ್ತತ್ತೆ. ನಮ್ಮ ಕಾರಿನ ಆ ನಾಬಲ್ಲಿ ಅಕ್ಷರ ಅರ್ಧ ಅಳಿಸಿಹೋಗಿತ್ತು, ಒಂದು ಪಕ್ಕ ದೊಡ್ಡಪ್ಪನ ಹೆಬ್ಬೆರಳಿಗೆ ಸರಿಯಾಗಿ ಸವೆದು ಒಂಚೂರು ಗುಂಡಿ ಬಿದ್ದಿತ್ತು, ಕೆಳಗಡೆ ಕೂದಲೆಳೆ ಬಿರುಕು. ಹತ್ತು ವರ್ಷದ ಕೆಳಗೆ ವೈರಿಂಗಿಗೆ ಅಂತ ಒಂದು ವರ್ಕ್‌ಶಾಪಿಗೆ ಬಿಟ್ಟಿದ್ದೆ, ಅವ್ರು ಒಳ್ಳೇ ಮನಸ್ಸಿಂದಾನೇ, ಸಾರ್ ಇದು ಹಾಳಾಗಿತ್ತು ಹೊಸಾದು ಹಾಕಿದೀವಿ ಅಂತ ಹೇಳಿ ಕಾರು ಕೊಟ್ರು. ಹಳೇದೆಲ್ಲಿ ಅಂದ್ರೆ ಕಸಕ್ಕೆ ಹೋಯ್ತು ಅಂದ್ರು. ಹೊಸ ನಾಬಿನ ತೂತು ಕಡ್ಡಿಗಿಂತ ಸ್ವಲ್ಪ ದೊಡ್ಡದು, ಅದಕ್ಕೆ ಸೂಪರ್ ಗ್ಲೂ ಸುರಿದು ಕೂರಿಸಿದ್ರು. ನಾಕೇ ತಿಂಗಳು, ಒಂದು ಬೆಳಿಗ್ಗೆ ಎಳೆದ್ರೆ ನಾಬು ನನ್ನ ಕೈಲಿ, ಕಡ್ಡಿ ಡ್ಯಾಶ್‌ಬೋರ್ಡಲ್ಲಿ. ಮಾಡಿದೋರ ತಪ್ಪು ಅಂತ ನಾನು ಜಗಳಕ್ಕೆ ಹೋಗಲಿಲ್ಲ, ಹಳೇದನ್ನ ಇಟ್ಟಿರಿ ಅಂತ ನಾನೂ ಬಾಯಿಬಿಟ್ಟು ಹೇಳಿರ್ಲಿಲ್ಲವಲ್ಲ. ಅಲ್ಲಿಂದ ಶುರು ನನ್ನ ಈ ಹುಚ್ಚು. ಈಗ ನಮ್ಮನೇಲಿ ಬಿಸ್ಕತ್ತಿನ ಡಬ್ಬ ಒಂದೂ ಖಾಲಿ ಇಲ್ಲ, ಎಲ್ಲದರಲ್ಲೂ ಸ್ಕ್ರೂ, ಕ್ಲಿಪ್ಪು, ವಾಷರ್ರು.

ಸಣ್ಣ ಸಾಮಾನು ರಿಪೇರಿ ಅಂದ್ರೆ ಮೊದಲ ಪ್ರಶ್ನೆ ಇದು ಯಾವುದ್ರಲ್ಲಿ ಮಾಡಿದ್ದು ಅನ್ನೋದು, ಬಹಳ ಜನ ಎಡವೋದೇ ಇಲ್ಲಿ. ಕಪ್ಪಗೆ ಗಟ್ಟಿಗೆ ಇದ್ದ ತಕ್ಷಣ ಎಲ್ಲಾನೂ ಪ್ಲಾಸ್ಟಿಕ್ ಅಂತ ಒಂದೇ ಗುಂಪಿಗೆ ಸೇರಿಸ್ಬಿಡ್ತೀವಿ. ಹಳೇ ನಾಬು, ಸ್ವಿಚ್ಚಿನ ಮೈ ಇವೆಲ್ಲಾ ಸುಮಾರು ಸಲ ಬೇಕಲೈಟು, ಲಿಯೋ ಬೇಕಲ್ಯಾಂಡ್ ಅನ್ನೋರು 1907ರಲ್ಲಿ ಕಂಡುಹಿಡಿದಿದ್ದು. ಇದನ್ನ ಒಂದ್ಸಲ ಅಚ್ಚಲ್ಲಿ ಬೇಯಿಸಿದ್ಮೇಲೆ ಮತ್ತೆ ಕರಗೋ ಮಾತೇ ಇಲ್ಲ, ಕಾಯಿಸಿದ್ರೆ ಸುಟ್ಟುಹೋಗತ್ತೆ ಹೊರತು ಮೆತ್ತಗಾಗಲ್ಲ, ಹಾಗಾಗಿ ಸಾಲ್ಡರಿಂಗ್ ಐರನ್ ಇಟ್ಟು ಬೆಸೀತೀನಿ ಅಂತ ಹೊರಟೋರು ಬರೀ ವಾಸನೆ ಎಬ್ಬಿಸಿ ಎದ್ದು ಬರ್ತಾರೆ. ಅದರೊಳಗೆ ತುಂಬೋದಕ್ಕೆ ಸಾಮಾನ್ಯವಾಗಿ ಮರದ ಪುಡಿ ಹಾಕಿರ್ತಾರೆ. ಮೇಲಿನ ಹೊಳಪಿನ ಪದರ ಬಿಸಿಲಿಗೆ, ಕೈಬೆವರಿಗೆ ಸವೆದ್ಮೇಲೆ ಆ ಪುಡಿ ಹೊರಗೆ ಕಾಣತ್ತೆ, ಅದಕ್ಕೇ ಹಳೇ ಬೇಕಲೈಟು ಕಂದು ಬಣ್ಣಕ್ಕೆ ತಿರುಗಿ ಒಣಗಿದ ಹಾಗೆ ಕಾಣೋದು. ಹಂಗಿರೋದನ್ನ ರಾತ್ರಿಯೆಲ್ಲಾ ಸೋಪಿನ ನೀರಲ್ಲಿ ನೆನೆಹಾಕಿದ್ರೆ ಮರದ ಪುಡಿ ನೀರು ಕುಡಿದು ಇನ್ನೂ ಕೆಡತ್ತೆ. ಒದ್ದೆ ಬಟ್ಟೇಲಿ ಒರೆಸಿ, ಬೇಗ ಒಣಗಿಸಿ, ನುಣುಪು ಪಾಲಿಶ್ ಪೇಸ್ಟಲ್ಲಿ ಕೈಯಲ್ಲೇ ಉಜ್ಜಿ, ಮೇಲೆ ಒಂದು ಕೈ ಮೇಣ. ಅಷ್ಟೇ. ಬಿರುಕು ಇದ್ರೆ ನಿಧಾನ ಗಟ್ಟಿಯಾಗೋ ಎರಡು ಟ್ಯೂಬಿನ ಎಪಾಕ್ಸಿ ಅಂಟಿಗೆ ಚಿಟಿಕೆ ದೀಪದ ಮಸಿ ಕಲಸಿ ಸೂಜಿ ತುದೀಲಿ ತುಂಬಬೇಕು, ಐದು ನಿಮಿಷದ ಎಪಾಕ್ಸಿ ಬೇಡ, ಅದು ಬಿರುಕಿನೊಳಗೆ ಇಳಿಯೋ ಮುಂಚೆನೇ ಗಟ್ಟಿಯಾಗ್ಬಿಡತ್ತೆ. ನನ್ನ ಚೋಕ್ ನಾಬು ಹೀಗೇ ಉಳೀತು, ಬೆಳಕಿಗೆ ಓರೆ ಹಿಡಿದ್ರೆ ಗೆರೆ ಕಾಣತ್ತೆ, ಕಾಣ್ಲಿ ಬಿಡಿ.

ಅಕ್ಷರ ಕೊರೆದಿರೋ ನಾಬಿಗೆ ಬಣ್ಣ ತುಂಬೋದು ಎಲ್ಲಕ್ಕಿಂತ ಸುಲಭದ ಕೆಲಸ, ಕಡ್ಡಿ ತುದೀಲಿ ಬಿಳಿ ಎನಾಮಲ್ ಹಾಕಿ, ಸ್ವಲ್ಪ ಬಿಗಿಯಾಗೋವರೆಗೂ ಬಿಟ್ಟು, ಗಟ್ಟಿ ರಟ್ಟಿಗೆ ಬಟ್ಟೆ ಸುತ್ತಿ ಮೇಲ್ಮೈ ಮಾತ್ರ ಒರೆಸಿದ್ರೆ ಗುಂಡಿಯೊಳಗಿನ ಬಣ್ಣ ಉಳ್ಕೊಳ್ಳತ್ತೆ. ಬರೀ ಬೆರಳಿಗೆ ಬಟ್ಟೆ ಸುತ್ಕೊಂಡು ಒರೆಸಿದ್ರೆ ಬೆರಳು ಗುಂಡಿಯೊಳಗೆ ಇಳಿದು ಎಲ್ಲಾ ಕಿತ್ಕೊಂಡ್ ಬರತ್ತೆ. ನಾನು ಮೂರು ಸಲ ಕಿತ್ತಿದೀನಿ.

ಸ್ಟೀರಿಂಗ್ ಚಕ್ರದ ಕಥೆ ಬೇರೆ. ಆಗಿನ ಚಕ್ರಗಳ ಒಳಗೆ ಉಕ್ಕಿನ ಬಳೆ, ಮೇಲೆ ಗಟ್ಟಿ ರಬ್ಬರ್ರೋ ಸೆಲ್ಯುಲೋಸ್ ಜಾತಿಯ ಪ್ಲಾಸ್ಟಿಕ್ಕೋ ಹೊದಿಸಿರ್ತಾರೆ. ವರ್ಷಗಳು ಕಳೆದ ಹಾಗೆ ಹೊದಿಕೆ ಕುಗ್ಗತ್ತೆ, ಒಳಗಿನ ಉಕ್ಕು ಕುಗ್ಗಲ್ಲ, ಎರಡರ ಜಗ್ಗಾಟದಲ್ಲಿ ಹೊದಿಕೆ ಸೀಳತ್ತೆ, ಅದೂ ಹೆಚ್ಚಾಗಿ ಕಡ್ಡಿಗಳು ಬಂದು ಸೇರೋ ಜಾಗದಲ್ಲಿ. ಬಿರುಕಿನ ಮೇಲೆ ಹಂಗೇ ಪುಟ್ಟಿ ಸವರಿದ್ರೆ ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಡತ್ತೆ. ಮನಸ್ಸು ಗಟ್ಟಿ ಮಾಡ್ಕೊಂಡು ಬಿರುಕನ್ನ ಅರದಲ್ಲಿ ಇನ್ನೂ ದೊಡ್ಡದು ಮಾಡಬೇಕು, ಒಳಗಿನ ಉಕ್ಕು ಕಾಣೋವರೆಗೂ, ಬಾಯಿ ಅಗಲ ತಳ ಕಿರಿದು ಇರೋ ಹಾಗೆ. ತುಕ್ಕು ಇದ್ರೆ ಕೆರೆದು ತೆಗೆದು, ಎಪಾಕ್ಸಿ ಪುಟ್ಟಿ ಒತ್ತಿ ತುಂಬಿ, ಒಂದು ದಿನ ಪೂರ್ತಿ ಬಿಟ್ಟು, ಆಮೇಲೆ ಉಪ್ಪು ಕಾಗದ ಒರಟಿಂದ ನುಣುಪಿಗೆ. ಚಕ್ರದ ಕೆಳಭಾಗದಲ್ಲಿ ಬೆರಳು ಕೂರೋ ಉಬ್ಬು ತಗ್ಗು ಇರತ್ತಲ್ಲ, ಅಲ್ಲಿ ಅವಸರ ಮಾಡಿದ್ರೆ ಸಪಾಟಾಗಿ ಹೋಗತ್ತೆ, ಆಮೇಲೆ ಕೈಗೆ ಗೊತ್ತಾಗತ್ತೆ ಕಣ್ಣಿಗಲ್ಲ. ಒಂದು ವೇಳೆ ಚಕ್ರದಿಂದ ವಿನಿಗರ್ ಥರ ಹುಳಿ ವಾಸನೆ ಬರ್ತಿದ್ರೆ ಅದು ಸೆಲ್ಯುಲೋಸ್ ಅಸಿಟೇಟು ಒಳಗೊಳಗೇ ಕೊಳೀತಿರೋ ಗುರುತು, ಆ ಆವಿ ಪಕ್ಕದ ಲೋಹಕ್ಕೂ ತುಕ್ಕು ಹಿಡಿಸತ್ತೆ, ಅಂಥದ್ದನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಮುಚ್ಚಿಡಬಾರ್ದು, ಗಾಳಿ ಆಡೋ ಕಡೆ ಇಡಬೇಕು. ಈ ಜಾತಿಯ ಪ್ಲಾಸ್ಟಿಕ್ ಮೇಲೆ ಅಸಿಟೋನ್ ಅನ್ನೋ ದ್ರಾವಕ ಬಿದ್ರೆ ಮೈ ಕರಗಿ ಜಿಗುಟಾಗತ್ತೆ, ಆದ್ರಿಂದ ಏನೇ ಹಚ್ಚೋ ಮುಂಚೆ ಕಾಣ್ದೇ ಇರೋ ಹಿಂಭಾಗದಲ್ಲಿ ಒಂದು ಹನಿ ಹಚ್ಚಿ ನೋಡ್ಕೊಳ್ಳಿ.

ಇನ್ನು ಹೊಳೆಯೋ ಸಾಮಾನು. ಗಾಜು ಏರಿಸೋ ಹ್ಯಾಂಡ್ಲು, ಬಾಗಿಲ ಹಿಡಿ, ಕನ್ನಡಿ ಹಿಡಿಯೋ ತೋಳು, ಇವು ಉಕ್ಕಲ್ಲ ಹಿತ್ತಾಳೆನೂ ಅಲ್ಲ, ಹೆಚ್ಚಿನವು ಸತುವಿನ ಎರಕ. ಸತುವಿಗೆ ಸೀಸದಂಥ ಕಲಬೆರಕೆ ಸ್ವಲ್ಪ ಸೇರಿದ್ರೂ ವರ್ಷಗಳ ಮೇಲೆ ಒಳಗಿಂದ ಊದಿ, ಬಿರಿದು, ಪುಡಿಪುಡಿ ಆಗತ್ತೆ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಇದು ಜಾಸ್ತಿ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ ಬಹಳ ಶುದ್ಧ ಸತು ಬಳಸಿ ಝಾಮಾಕ್ ಅನ್ನೋ ಮಿಶ್ರಲೋಹ ತಂದ್ಮೇಲೆ ಆ ಕಾಟ ತಗ್ಗಿದ್ದು. ಊದಿಕೊಂಡಿರೋ ಎರಕಕ್ಕೆ ಔಷಧಿ ಇಲ್ಲ, ಅದನ್ನ ನಾನೂ ಒಪ್ಕೋತೀನಿ, ಅಂಥದ್ದನ್ನ ಅಳತೆ ತಗೊಂಡು ಬೇರೆ ಮಾಡಿಸ್ಲೇಬೇಕು. ಆದ್ರೆ ಮೇಲಿನ ಕ್ರೋಮ್ ಗುಳ್ಳೆ ಎದ್ದು ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿದ್ರೆ ಅದು ಸಾಯೋ ಕಾಯಿಲೆ ಅಲ್ಲ. ಝಾಮಾಕ್ ಕರಗೋದು ಸುಮಾರು 380 ಡಿಗ್ರಿ ಸೆಲ್ಸಿಯಸ್ಸಿಗೆ, ವೆಲ್ಡಿಂಗ್ ಅಂಗಡಿಗೆ ಕೊಟ್ಟು ಮುರಿದಿದ್ದನ್ನ ಬೆಸೆದುಕೊಡಿ ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುದ್ದೆಯಾಗಿ ಕೆಳಗೆ ಬಿದ್ದಿರತ್ತೆ. ಕ್ರೋಮ್ ಅನ್ನೋದೂ ಬರೀ ಒಂದು ಪದರ ಅಲ್ಲ, ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ಮೇಲೆ ತೆಳ್ಳಗೆ ಕ್ರೋಮ್, ಆ ಕ್ರೋಮು ಒಂದು ಮೈಕ್ರಾನೂ ಇರಲ್ಲ. ಬಫಿಂಗ್ ಮಿಷನ್ನಿಗೆ ಕೊಟ್ಟು ಅರ್ಧ ನಿಮಿಷ ಜಾಸ್ತಿ ಹಿಡಿದ್ರೆ ನೀಲಿ ಹೊಳಪು ಹೋಗಿ ಹಳದಿ ಛಾಯೆಯ ನಿಕ್ಕಲ್ ಕಾಣೋದು ಅದಕ್ಕೇ. ಮತ್ತೆ ಕ್ರೋಮ್ ಹಾಕಿಸೋದಿದ್ರೆ ಗುಂಡಿಗಳಿಗೆ ತಾಮ್ರ ತುಂಬಿ ತಿಕ್ಕಿ ಮತ್ತೆ ತಾಮ್ರ ಹಾಕೋ ತಾಳ್ಮೆ ಇರೋರ ಹತ್ರಾನೇ ಹೋಗಿ, ಮನೇಲಿ ಮಾತ್ರ ಪ್ರಯತ್ನ ಬೇಡ, ಕ್ರೋಮ್ ಹಾಕೋ ಹಳೇ ವಿಧಾನದ ದ್ರಾವಣ ಕ್ಯಾನ್ಸರ್ ತರೋ ಜಾತಿದು. ನನ್ನ ಹ್ಯಾಂಡ್ಲುಗಳಿಗೆ ನಾನು ಹಾಕಿಸ್ಲಿಲ್ಲ, ಸೋಪಲ್ಲಿ ತೊಳೆದು, ಹಲ್ಲುಜ್ಜೋ ಬ್ರಷ್ಷಲ್ಲಿ ಸಂದಿ ಕ್ಲೀನ್ ಮಾಡಿ, ಮೇಣ ಹಚ್ಚಿ ಹಾಕ್ದೆ, ಚುಕ್ಕೆಗಳು ಇದ್ದ ಹಾಗೇ ಇವೆ.

ಹ್ಯಾಂಡ್ಲು ಬಿಚ್ಚೋದ್ರಲ್ಲೇ ಅರ್ಧ ಜನ ಬಾಗಿಲ ರಟ್ಟು ಹರೀತಾರೆ. ಎಲ್ಲೂ ಸ್ಕ್ರೂ ಕಾಣ್ತಿಲ್ಲ ಅಂದ ತಕ್ಷಣ ಸ್ಕ್ರೂಡ್ರೈವರ್ ಹಾಕಿ ಮೀಟೋದು. ಕೆಲವು ಕಾರಲ್ಲಿ ಹ್ಯಾಂಡ್ಲಿನ ಹಿಂದಿರೋ ತಟ್ಟೇನ ಒಳಕ್ಕೆ ಒತ್ತಿ ಹಿಡಿದ್ರೆ ಅಡ್ಡ ಒಂದು ಸಣ್ಣ ಪಿನ್ನು ಕಾಣತ್ತೆ, ತಟ್ಟಿ ಹೊರಗೆ ತಳ್ಳಬೇಕು. ಇನ್ನು ಕೆಲವದ್ರಲ್ಲಿ ಕುದುರೆ ಲಾಳದ ಆಕಾರದ ಕ್ಲಿಪ್ಪು ಇರತ್ತೆ, ಅದಕ್ಕೆ ಒಂದು ಬಟ್ಟೆ ತುಂಡನ್ನ ಹ್ಯಾಂಡ್ಲು ರಟ್ಟಿನ ಮಧ್ಯ ತೂರಿಸಿ ಎರಡೂ ತುದಿ ಹಿಡಿದು ಆ ಕಡೆ ಈ ಕಡೆ ಎಳೆದ್ರೆ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿ ಟಕ್ ಅಂತ ಹಾರತ್ತೆ. ಹಾರಿದ್ದು ಎಲ್ಲಿ ಹೋಯ್ತು ಅಂತ ಆಮೇಲೆ ಇಡೀ ಮನೆ ಹುಡುಕೋದು. ನಾನೀಗ ಕೈ ಮತ್ತು ಹ್ಯಾಂಡ್ಲು ಎರಡೂ ಸೇರಿ ಒಂದು ದೊಡ್ಡ ಪ್ಲಾಸ್ಟಿಕ್ ಕವರೊಳಗೆ ಇಟ್ಕೊಂಡು ಬಿಚ್ತೀನಿ, ನೋಡೋರಿಗೆ ನಗು ಬರತ್ತೆ, ಕ್ಲಿಪ್ಪು ಮಾತ್ರ ಕವರಲ್ಲೇ ಇರತ್ತೆ.

ಸ್ಕ್ರೂ ವಿಷ್ಯ ಹೇಳ್ದಿದ್ರೆ ನನಗೆ ನಿದ್ದೆ ಬರಲ್ಲ. ಹಳೇ ಇಂಗ್ಲಿಷ್ ಕಾರುಗಳ ಮೀಟರು ಸ್ವಿಚ್ಚು ಇಂಥ ಸಣ್ಣ ಜಾಗದಲ್ಲಿ ಬಿಎ ಅನ್ನೋ ಹಳೇ ಬ್ರಿಟಿಷ್ ಅಳತೆಯ ಸ್ಕ್ರೂಗಳು ಇರ್ತವೆ. 2ಬಿಎ ಸ್ಕ್ರೂ 4.7 ಮಿಲಿಮೀಟರ್ ದಪ್ಪ, ಅದರ ಮೈಮೇಲಿನ ಸುತ್ತುಗೆರೆ ಅಂದ್ರೆ ಮರೆ, ಮರೆಯಿಂದ ಮರೆಗೆ 0.81 ಮಿಲಿಮೀಟರ್. ಈಗೆಲ್ಲಾ ಕಡೆ ಸಿಗೋ ಎಂ5 ಸ್ಕ್ರೂ 5 ಮಿಲಿಮೀಟರ್ ದಪ್ಪ, ಮರೆ 0.8. ನೋಡಿದ್ರಾ ಮೋಸ, ಮರೆ ಅಂತರ ಹೆಚ್ಚುಕಮ್ಮಿ ಒಂದೇ ಆಗಿರೋದ್ರಿಂದ ಎಂ5 ಆರಾಮಾಗಿ ಎರಡು ಸುತ್ತು ಕಚ್ಚತ್ತೆ, ಸರಿ ಹೋಯ್ತು ಅಂತ ಹುಡುಗ ಜೋರಾಗಿ ತಿರುಗಿಸ್ತಾನೆ, ಒಳಗಿನ ಮರೆ ಕಿತ್ತು ಹಿತ್ತಾಳೆ ಪುಡಿ ಉದುರತ್ತೆ, ಅರವತ್ತು ವರ್ಷ ಗಟ್ಟಿಯಿದ್ದ ಮೀಟರಿನ ಕಂಬ ಅಲ್ಲಿಗೆ ಗೋವಿಂದ. ಮರೆಯ ಕೋನಾನೂ ಬೇರೆ, ಬಿಎಗೆ 47.5 ಡಿಗ್ರಿ, ಮೆಟ್ರಿಕ್ಕಿಗೆ 60. ಅದಕ್ಕೇ ಹೇಳೋದು, ಬಿಚ್ಚಿದ ಸ್ಕ್ರೂನ ಅದೇ ತೂತಿಗೆ ಒಂದು ಸುತ್ತು ವಾಪಸ್ ಹಾಕಿಡಿ, ಆಗಲ್ಲ ಅಂದ್ರೆ ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ಗೀಚಿ ಆಯಾ ಜಾಗಕ್ಕೆ ಆಯಾ ಸ್ಕ್ರೂ ಚುಚ್ಚಿಡಿ. ಜಪಾನಿನ ಹಳೇ ಕಾರಾದ್ರೆ ಇನ್ನೊಂದು ತಲೆನೋವು, ಅಲ್ಲಿನ ಪ್ಲಸ್ ತಲೆ ಸ್ಕ್ರೂ ನಮ್ಮ ಕೈಯಲ್ಲಿರೋ ಫಿಲಿಪ್ಸ್ ಡ್ರೈವರಿಗೆ ಸರಿಯಾಗಿ ಕೂರಲ್ಲ, ಜೆಐಎಸ್ ಅನ್ನೋ ಜಪಾನೀ ಅಳತೆಯ ಡ್ರೈವರೇ ಬೇಕು, ಇಲ್ಲಾಂದ್ರೆ ತಲೆ ಸವೆದು ಗುಂಡಗಾಗತ್ತೆ.

ಮೀಟರುಗಳ ಬಗ್ಗೆ ಒಂದು ಎಚ್ಚರಿಕೆ ಮೊದ್ಲು. ತುಂಬಾ ಹಳೇ ಕಾರುಗಳ ಮುಳ್ಳಿಗೆ, ಅಂಕಿಗೆ ಕತ್ತಲಲ್ಲಿ ಹೊಳೀಲಿ ಅಂತ ರೇಡಿಯಂ ಬೆರೆಸಿದ ಬಣ್ಣ ಹಚ್ತಿದ್ರು. ಈಗ ಹೊಳೆಯಲ್ಲ, ಹಾಗಾಗಿ ಅದು ಸತ್ತುಹೋಗಿದೆ ಅಂತ ಅನ್ಕೋತಾರೆ. ಸತ್ತಿರೋದು ಹೊಳೆಯೋ ಪುಡಿ, ರೇಡಿಯಂ ಅಲ್ಲ, ಅದು ಅರ್ಧಕ್ಕಿಳಿಯೋದಕ್ಕೇ ಸುಮಾರು 1600 ವರ್ಷ ಬೇಕು. ಅಂಥ ಡಯಲ್ಲನ್ನ ಕೆರೆದು, ಉಪ್ಪು ಕಾಗದ ಹಾಕಿ, ಊದಿ ಕ್ಲೀನ್ ಮಾಡಿದ್ರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಅನುಮಾನ ಬಂದ್ರೆ ಗಾಜು ಬಿಚ್ಚಲೇಬೇಡಿ, ಅದಕ್ಕೆ ತಕ್ಕ ಉಪಕರಣ ಇರೋರ ಹತ್ರ ಮಾತ್ರ ಕೊಡಿ. ಇಂಥದ್ದನ್ನ ನಿಮ್ಮ ಲೇಖನದಲ್ಲಿ ಒಂದು ಸಾಲಾದ್ರೂ ಹೇಳ್ಬೇಕಿತ್ತು, ಅದು ನನ್ನ ನಿಜವಾದ ದೂರು.

ಉಳಿದಂಗೆ ಡಯಲ್ಲಿನ ಅಂಕಿಗಳನ್ನ ಯಾವತ್ತೂ ಒದ್ದೆ ಬಟ್ಟೇಲಿ ಒರೆಸಬಾರ್ದು, ಎಷ್ಟೋ ಡಯಲ್ಲಲ್ಲಿ ಪ್ರಿಂಟು ಬಟ್ಟೆಗೇ ಬಂದ್ಬಿಡತ್ತೆ, ಮೆತ್ತನೇ ಬ್ರಷ್ಷಲ್ಲಿ ಧೂಳು ಹೊಡೆದ್ರೆ ಸಾಕು. ಮೀಟರಿನ ಮುಖ ಗಾಜಾಗಿರದೆ ಅಕ್ರಿಲಿಕ್ ಪ್ಲಾಸ್ಟಿಕ್ ಆಗಿದ್ರೆ ಸ್ಪಿರಿಟ್ಟು, ಕಿಟಕಿ ಕ್ಲೀನರ್ರು ಹಚ್ಚಬೇಡಿ, ಒಳಗೆ ಜೇಡರಬಲೆ ಥರ ಸೀಳು ಬೀಳತ್ತೆ. ಸೂಪರ್ ಗ್ಲೂ ಕೂಡ ಬೇಡ, ಅದರ ಹೊಗೆ ಸುತ್ತಲೂ ಬಿಳಿ ಮಂಜು ಕೂರಿಸತ್ತೆ. ಮೀಟರಿನ ಹಿಂದಿನ ಬಲ್ಬು ಮಂಕಾಗಿದೆ ಅಂತ ಎಲ್‌ಇಡಿ ಹಾಕೋರು ಒಂದ್ಸಲ ಬ್ಯಾಟರಿ ನೋಡಿ, ನನ್ನ ಕಾರೂ ಸೇರಿ ಆಗಿನ ಎಷ್ಟೋ ಇಂಗ್ಲಿಷ್ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಸೇರಿಸಿರೋದು ಬ್ಯಾಟರಿಯ ಪಾಸಿಟಿವ್ ತಂತಿ, ಸಾಮಾನ್ಯ ಎಲ್‌ಇಡಿ ಅಲ್ಲಿ ಉರಿಯಲ್ಲ, ಬಲ್ಬೇ ಕೆಟ್ಟಿದೆ ಅಂತ ಅಂಗಡಿಯೋನ ಜೊತೆ ಜಗಳ ಆಡೋದು ದಂಡ. ಅಷ್ಟಕ್ಕೂ ಆ ಮಂಕು ಹಳದಿ ಬೆಳಕೇ ಚೆಂದ ಅಂತ ನನಗನ್ನಿಸತ್ತೆ.

ಎಪ್ಪತ್ತು ಎಂಬತ್ತರ ದಶಕದ ಕಾರು ಇರೋರಿಗೆ ಬೇಕಲೈಟಿನ ಮಾತು ಬೇಡ, ಅಲ್ಲಿರೋದು ಎಬಿಎಸ್ಸು, ಪಾಲಿಪ್ರೊಪಿಲೀನು, ವಿನೈಲು ಅನ್ನೋ ಬೇರೆ ಜಾತಿ ಪ್ಲಾಸ್ಟಿಕ್ಕುಗಳು. ಮುರಿದ ತುಂಡು ಯಾವುದು ಅಂತ ಗೊತ್ತಾಗದಿದ್ರೆ ಚೂರನ್ನ ಒಂದು ಲೋಟ ನೀರಿಗೆ ಹಾಕಿ, ಪಾಲಿಪ್ರೊಪಿಲೀನ್ ತೇಲತ್ತೆ, ಎಬಿಎಸ್ ಮುಳುಗತ್ತೆ. ತೇಲಿದ್ದಕ್ಕೆ ಯಾವ ಮಾಮೂಲಿ ಅಂಟೂ ಹಿಡಿಯಲ್ಲ, ಅದನ್ನ ಬಿಸಿ ಮಾಡಿ ಬೆಸೆಯಬೇಕು ಇಲ್ಲಾ ಹಿಂದುಗಡೆ ತಗಡಿನ ಪಟ್ಟಿ ಕೊಟ್ಟು ಸ್ಕ್ರೂ ಹಾಕಬೇಕು. ಎಬಿಎಸ್ ಆದ್ರೆ ಅದೇ ಜಾತಿ ಪ್ಲಾಸ್ಟಿಕ್ಕಿನ ಚೂರುಗಳನ್ನ ಅಸಿಟೋನಲ್ಲಿ ಕರಗಿಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಬಿರುಕಿಗೆ ತುಂಬಿದ್ರೆ ಅಂಟಿದ ಹಾಗಲ್ಲ, ಒಂದೇ ತುಂಡಾಗಿ ಬೆಸೆದ ಹಾಗೆ ಆಗತ್ತೆ. ಚೂರು ಎಲ್ಲಿಂದ ತರೋದು ಅಂದ್ರೆ ಲೆಗೋ ಇಟ್ಟಿಗೆ ಎಬಿಎಸ್ಸೇ, 1963ರಿಂದ, ಕಪ್ಪು ಇಟ್ಟಿಗೆ ಎರಡು ಸಾಕು, ಮಕ್ಕಳು ಮಲಗಿದ ಮೇಲೆ ತಗೊಳ್ಳಿ. ಕಿಟಕಿ ತೆಗೆದು ಮಾಡಿ, ಬೆಂಕಿ ಹತ್ರ ಬೇಡ.

ವಿನೈಲ್ ಡ್ಯಾಶ್‌ಬೋರ್ಡು ಯಾಕೆ ಸೀಳತ್ತೆ ಅಂದ್ರೆ ಅದನ್ನ ಮೆತ್ತಗಿಡೋ ಎಣ್ಣೆ ಥರದ್ದೊಂದು ಪದಾರ್ಥ ಬಿಸಿಲಿಗೆ ನಿಧಾನಕ್ಕೆ ಹೊರಗೆ ಹೋಗತ್ತೆ, ಮುಂದಿನ ಗಾಜಿನ ಒಳಗಡೆ ಜಿಡ್ಡು ಮಂಜು ಕೂರತ್ತಲ್ಲ, ಅದರಲ್ಲಿ ಅದೂ ಇರತ್ತೆ. ಹೋಗಿದ್ದನ್ನ ಮೇಲಿಂದ ಹಚ್ಚಿ ವಾಪಸ್ ತರೋ ಸ್ಪ್ರೇ ಯಾವುದೂ ಇಲ್ಲ. ಪಳಪಳ ಅನ್ನಿಸೋ ಸಿಲಿಕೋನ್ ಸ್ಪ್ರೇ ಹೊಡೆದ್ರೆ ಆ ಹೊತ್ತಿಗೆ ಚೆಂದ, ಆದ್ರೆ ಮುಂದೊಂದು ದಿನ ಬಿರುಕು ತುಂಬಿ ಬಣ್ಣ ಹೊಡೆಸ್ತೀನಿ ಅಂದ್ರೆ ಬಣ್ಣ ಅಲ್ಲಿ ನಿಲ್ಲಲ್ಲ, ಮೀನಿನ ಕಣ್ಣಿನ ಹಾಗೆ ಚುಕ್ಕೆ ಚುಕ್ಕೆ ಬಿಟ್ಕೊಂಡು ಓಡತ್ತೆ. ನೆರಳಲ್ಲಿ ನಿಲ್ಸಿ, ನಿಲ್ಸೋಕಾಗಲ್ಲ ಅಂದ್ರೆ ಡ್ಯಾಶ್‌ಬೋರ್ಡಿನ ಮೇಲೆ ಒಂದು ಹಳೇ ಟವೆಲ್ ಹೊದಿಸಿ, ಇದಕ್ಕಿಂತ ಒಳ್ಳೇ ಮದ್ದು ನಾನು ಕಂಡಿಲ್ಲ. ಸೀಟಿನ ಲೆದರ್ ಬಗ್ಗೆ ಬರೆದ್ರೆ ಇನ್ನೊಂದು ಕಾಗದ ಆಗತ್ತೆ, ಬಿಡ್ತೀನಿ.

ಹಂಗಂತ ಹೊಸಾ ಸಾಮಾನೇ ಬೇಡ ಅನ್ನೋ ಮಡಿವಂತ ನಾನಲ್ಲ. ಕಳೆದುಹೋದ ಆ ಸ್ಟಾರ್ಟರ್ ನಾಬಿಗೆ ಬದಲಿ ನಾನೇ ಮಾಡ್ದೆ, ಪರಿಚಯದೋರ ಕಾರಿನ ನಾಬು ಎರಡು ದಿನಕ್ಕೆ ಎರವಲು ತಂದು, ಸಿಲಿಕೋನ್ ರಬ್ಬರಲ್ಲಿ ಅಚ್ಚು ತೆಗೆದು, ಕಪ್ಪು ಬಣ್ಣ ಕಲಸಿದ ರೆಸಿನ್ ಸುರಿದೆ. ಮೊದಲನೇದ್ರಲ್ಲಿ ಗಾಳಿಗುಳ್ಳೆ. ಎರಡನೇದು ಒಣಗಿದಾಗ ಕೂದಲೆಳೆಯಷ್ಟು ಕುಗ್ಗಿ ಕಡ್ಡಿಗೆ ಕೂರ್ಲಿಲ್ಲ, ತೂತನ್ನ ಕೈಯಲ್ಲಿ ಅಗಲ ಮಾಡಿದ್ದಾಯ್ತು. ಈಗ ತ್ರೀಡಿ ಪ್ರಿಂಟಿಂಗ್ ಬಂದಿದೆ, ದೊಡ್ಡ ಕಂಪನಿಗಳೇ ಅದಕ್ಕೆ ಇಳಿದಿವೆ, ಮರ್ಸಿಡಿಸ್ಸೋರು 300 ಎಸ್‌ಎಲ್ ಕಾರಿನ ಒಳಗನ್ನಡಿ ಕೂರಿಸೋ ಬುಡವನ್ನ ಹಾಗೆ ಮಾಡಿಕೊಡ್ತಾರೆ, ಪೋರ್ಷೆಯವ್ರು 2018ರಲ್ಲಿ 959 ಕಾರಿನ ಕ್ಲಚ್ಚಿನ ಒಂದು ಲಿವರ್ರನ್ನ ಉಕ್ಕಿನ ಪುಡಿಯಿಂದ ಪ್ರಿಂಟ್ ಮಾಡಿದ್ರು, ಇಡೀ ಜಗತ್ತಿಗೆ ಮುನ್ನೂರೂ ಇಲ್ಲದ ಕಾರಿಗೆ ಅಚ್ಚು ಹಾಕಿ ಎರಕ ಹೊಯ್ಯೋಕಾಗತ್ತಾ. ಆದ್ರೆ ಮನೆ ಪ್ರಿಂಟರಿನ ಮಾಮೂಲಿ ಪಿಎಲ್‌ಎ ಪ್ಲಾಸ್ಟಿಕ್ಕು 60 ಡಿಗ್ರಿಗೇ ಮೆತ್ತಗಾಗತ್ತೆ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು 70 ದಾಟೋದು ಮಾಮೂಲಿ, ಮಧ್ಯಾಹ್ನ ಬಂದು ನೋಡಿದ್ರೆ ನಾಬು ಬಾಡಿದ ಹೂವಿನ ಥರ ತಲೆ ಬಗ್ಗಿಸಿರತ್ತೆ. ಎಬಿಎಸ್ ಇಲ್ಲಾ ಎಎಸ್‌ಎ ಪ್ಲಾಸ್ಟಿಕ್ಕಲ್ಲಿ ಅಂತ ಕೇಳಿ ಮಾಡಿಸಿ. ಮತ್ತೆ ಪ್ರಿಂಟ್ ಮಾಡೋಕೂ ಅಚ್ಚು ತೆಗೆಯೋಕೂ ಕೈಯಲ್ಲಿ ಮೂಲ ಸಾಮಾನು ಇರಬೇಕಲ್ವಾ, ಮುರಿದಿದ್ರೂ ಪರವಾಗಿಲ್ಲ, ಎರಡು ತುಂಡು ಜೋಡಿಸಿ ಅಳತೆ ತಗೋಬಹುದು. ಕಸಕ್ಕೆ ಹೋದ ನಾಬಿನ ಅಳತೆ ಯಾರು ಕೊಡ್ತಾರೆ.

ಇದು ನನ್ನೊಬ್ಬನ ಹಟ ಅಂತ ಅನ್ಕೋಬೇಡಿ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಒಂದಿದೆ, ಎಫ್‌ಐವಿಎ ಅಂತ, 1966ರಲ್ಲಿ ಶುರುವಾಗಿದ್ದು. ಅವರ ಲೆಕ್ಕದಲ್ಲಿ ಕನಿಷ್ಠ 30 ವರ್ಷ ದಾಟಿರಬೇಕು ಐತಿಹಾಸಿಕ ವಾಹನ ಅನ್ನಿಸ್ಕೊಳ್ಳೋಕೆ. ಅವ್ರು ಟ್ಯೂರಿನ್ ಸನ್ನದು ಅಂತ ಒಂದು ಮಾಡಿದಾರೆ, ಹಳೇ ಕಟ್ಟಡಗಳಿಗೆ 1964ರಲ್ಲಿ ಬಂದ ವೆನಿಸ್ ಸನ್ನದಿನ ದಾರೀಲೇ. ಅದರ ತಿರುಳು ಏನಂದ್ರೆ, ಮೊದ್ಲು ಇರೋದನ್ನ ಕಾಪಾಡಿ, ರಿಪೇರಿ ಎಷ್ಟು ಬೇಕೋ ಅಷ್ಟೇ ಮಾಡಿ, ಏನು ಬದಲಾಯಿಸಿದ್ರಿ ಅನ್ನೋದನ್ನ ಬರೆದಿಡಿ. ಮ್ಯೂಸಿಯಂನೋರಂತೂ ಇನ್ನೂ ಒಂದು ಹೆಜ್ಜೆ ಮುಂದೆ, ಪ್ಯಾರಲಾಯ್ಡ್ ಬಿ-72 ಅನ್ನೋ ಅಂಟು ಬಳಸ್ತಾರೆ, ನಾಳೆ ಬೇಕಾದ್ರೆ ಅಸಿಟೋನಲ್ಲಿ ಬಿಡಿಸ್ಕೋಬಹುದು ಅಂತ. ಕಾರಿನ ನಾಬಿಗೆ ಅಷ್ಟು ಮೆತ್ತಗಿನ ಅಂಟು ತಡೆಯಲ್ಲ, ದಿನಾ ಎಳೆಯೋ ಸಾಮಾನು, ಆದ್ರೂ ನಾಳೆ ಇನ್ನೊಬ್ಬ ಇದನ್ನ ಬಿಚ್ತಾನೆ ಅನ್ನೋ ಯೋಚನೆ ಇಟ್ಕೊಂಡು ಕೆಲಸ ಮಾಡೋದು ನನಗೆ ಹಿಡಿಸ್ತು.

ನಿಮ್ಮಲ್ಲಿ ಕೇಳ್ಕೊಳ್ಳೋದು ಎರಡು. ಮುಂದಿನ ಸಲ ಇಂಥ ಲೇಖನ ಹಾಕುವಾಗ, ವರ್ಕ್‌ಶಾಪಿಗೆ ಕಾರು ಬಿಡೋ ಮುಂಚೆ ಡ್ಯಾಶ್‌ಬೋರ್ಡು, ಬಾಗಿಲ ಒಳಮೈ ಎಲ್ಲಾ ಮೊಬೈಲಲ್ಲಿ ಫೋಟೋ ತೆಗೆದಿಡಿ, ಬಿಚ್ಚಿದ ಹಳೇ ಸಾಮಾನು ಒಂದೂ ಬಿಡದೆ ವಾಪಸ್ ಬೇಕು ಅಂತ ಜಾಬ್ ಕಾರ್ಡಲ್ಲೇ ಬರೆಸಿ ಅಂತ ಓದುಗರಿಗೆ ಒಂದು ಮಾತು ಹೇಳಿ, ಬಾಯಿಮಾತು ಬೇಡ, ಬಾಯಿಮಾತಾದ್ರೆ ಏನಾಗತ್ತೆ ಅಂತ ಮೇಲೆ ಹೇಳಿದೀನಿ. ಇನ್ನೊಂದು, ಹಳೇ ಮೀಟರು ಗಡಿಯಾರ ರಿಪೇರಿ ಮಾಡೋರು, ಸಣ್ಣ ಎರಕ ಹೊಯ್ಯೋರು, ಇವ್ರನ್ನ ಮಾತಾಡ್ಸಿ ಒಂದು ಪುಟ ಬರೀರಿ. ಇಂಜಿನ್ ಮಾಡೋರು ಎಲ್ಲಾ ಕಡೆ ಇದಾರೆ, ಇವ್ರು ಬೆರಳೆಣಿಕೆ.

ಇನ್ನು ಗಡಿಯಾರ. ನಿಮ್ಮ ಎರಡನೇ ಪುಟದ ದೊಡ್ಡ ಫೋಟೋದಲ್ಲಿ ಡ್ಯಾಶ್‌ಬೋರ್ಡಿನ ಮಧ್ಯ ಮುಳ್ಳಿನ ಗಡಿಯಾರ ಇದೆ, ಎಂಟು ಇಪ್ಪತ್ತಕ್ಕೆ ನಿಂತಿದೆ, ಚಿಕ್ಕ ಫೋಟೋದಲ್ಲೂ ಅದೇ ಎಂಟು ಇಪ್ಪತ್ತು, ನೆರಳು ನೋಡಿದ್ರೆ ಒಂದು ಬೆಳಿಗ್ಗೆ ತೆಗೆದಿದ್ದು ಇನ್ನೊಂದು ಮಧ್ಯಾಹ್ನ. ಆ ಕಾಲದ ಎಷ್ಟೋ ಕಾರು ಗಡಿಯಾರದೊಳಗೆ ಮಾಮೂಲಿ ಸ್ಪ್ರಿಂಗೇ ಇರೋದು, ಸ್ಪ್ರಿಂಗು ಸಡಿಲ ಆದಾಗ ಎರಡು ಪಾಯಿಂಟು ಒಂದಕ್ಕೊಂದು ತಾಗಿ, ಕಾಯಿಲಿಗೆ ಕರೆಂಟು ಹೋಗಿ, ಅದು ತೋಳನ್ನ ಒದ್ದು ಮತ್ತೆ ಕೀ ಕೊಟ್ಟ ಹಾಗೆ ಮಾಡತ್ತೆ, ಒಂದೆರಡು ನಿಮಿಷಕ್ಕೊಂದ್ಸಲ ಕೇಳೋ ಟಕ್ ಶಬ್ದ ಅದೇ. ಬ್ಯಾಟರಿ ಇಳಿದಿದ್ರೆ ಒದೆಯೋ ಶಕ್ತಿ ಸಾಲಲ್ಲ, ಪಾಯಿಂಟು ಅಂಟಿಕೊಂಡೇ ಇರತ್ತೆ, ಕರೆಂಟು ಹರೀತಾನೇ ಇರತ್ತೆ, ಕೊನೆಗೆ ಕಾಯಿಲು ಸುಟ್ಟುಹೋಗತ್ತೆ. ಆ ಕಾರಿನ ಯಜಮಾನ್ರಿಗೆ ದಯವಿಟ್ಟು ಒಂದು ಫೋನ್ ಮಾಡಿ ಹೇಳಿ, ಇವತ್ತೇ ಗಡಿಯಾರದ ಹಿಂದಿನ ವೈರು ಒಂದನ್ನ ಬಿಚ್ಚಿ ತುದಿಗೆ ಟೇಪ್ ಸುತ್ತಿಡ್ಲಿ. ಆಮೇಲೆ ಪುರುಸೊತ್ತಾದಾಗ ಹೊರಗೆ ತೆಗೆದು ಪಾಯಿಂಟು ಕರಕಲಾಗಿದ್ರೆ ನುಣುಪು ಕಾಗದದಲ್ಲಿ ಮೆಲ್ಲಗೆ ಉಜ್ಜಿಸಿ, ಗಡಿಯಾರದ ಎಣ್ಣೆ ಒಂದು ಹನಿ ಬಿಡಿಸಿದ್ರೆ ನಡೆದ್ರೂ ನಡೀಬಹುದು. ಕ್ವಾರ್ಟ್ಜ್ ಮಿಷನ್ ಹಾಕಿಸ್ಬಿಡಿ ಅಂತ ಯಾರಾದ್ರೂ ಹೇಳಿದ್ರೆ, ಒಳಗಿಂದ ತೆಗೆದಿದ್ದನ್ನ ಡಬ್ಬೀಲಿ ಹಾಕಿಸ್ಕೊಂಡ್ ಬರೋಕೆ ಹೇಳಿ.

ಇಂತಿ,
ನಿಮ್ಮ ಹಳೇ ಓದುಗ, ಹಳೇ ಕಾರಿನೋನು